ಗಾಳೆಪ್ಪನ ಬಿಳಿ ದಾರದ ಬಿಲ್ಲೆ

ಬಲು ಹಿಂದೆ, ಗುಡ್ಡದ ಬುಡದ ಒಂದೂರಲ್ಲಿ ಗಾಳೆಪ್ಪ ಅಂತ ಒಬ್ಬನಿದ್ದ. ಕಾರಹುಣ್ಣಿಮೆ ಕಳೆದ ಮೂರನೆಯ ದಿನ, ಸೋಮವಾರ, ಅವನು ಮೊದಲ ಸಲ ಊರು ಬಿಟ್ಟನಂತೆ. ಕೂಲಿಮಠದ ಅಯ್ಯನವರು ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರೆ, ಇವನು ಆ ಮರಳಲ್ಲಿ ಹಾದುಹೋದ ಓತಿಕ್ಯಾತದ ಹೆಜ್ಜೆ ಹಿಡಿದು ಎದ್ದು ಹೋದ. ಹೋದವನು ಹನ್ನೆರಡು ವರ್ಷ ಬರಲಿಲ್ಲವಂತೆ.

ಬರುವಷ್ಟರಲ್ಲಿ ಹೆಜ್ಜೆ ಓದುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಂಡೆಯ ಮೇಲೆ ನಡೆದವನ ಜಾಡು ಹೇಳುತ್ತಿದ್ದನಂತೆ. ನೀರಲ್ಲಿ ನಡೆದವನ ಜಾಡೂ ಹೇಳುತ್ತಿದ್ದನಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಒಮ್ಮೆ ಆ ಸೀಮೆಯ ನಾಯಕರ ಲಾಯದಿಂದ ಎರಡು ಕುದುರೆ ಕಳುವಾದವು. ಗಾಳೆಪ್ಪ ಕಳ್ಳನ ಮೆಟ್ಟಿನ ಗುರುತು ಹಿಡಿದು, ಅದರ ಮೊಳೆ ಎಣಿಸುತ್ತ, ಕುಂಬಾರ ಸಣ್ಣೀರನ ಅಂಗಳಕ್ಕೆ ಬಂದ. ಕುದುರೆ ಇರಲಿಲ್ಲ, ಮೆಟ್ಟು ಇತ್ತು. ಮೆಟ್ಟು ಕಳೆದುಹೋಗಿತ್ತು, ಈ ಬೆಳಗ್ಗೆ ಯಾರೋ ತಂದು ಎಸೆದಿದ್ದಾರೆ ಎಂದು ಸಣ್ಣೀರ ಅತ್ತರೂ ಯಾರೂ ಕೇಳಲಿಲ್ಲ. ಬಲಗೈ ಕಡಿಯಬೇಕೆಂದು ತೀರ್ಪಾಯಿತು.

ನಾಯಕರು ವರ್ಷಕ್ಕೊಮ್ಮೆ ಕಾವಲಿನವರಿಗೆ ಬೆಳ್ಳಿ ಬಿಲ್ಲೆ ಕಟ್ಟುತ್ತಿದ್ದರು. ನೆತ್ತರು ಸುರಿಸಿದವರಿಗೆ ಕೆಂಪು ದಾರ, ನೆತ್ತರಿಲ್ಲದೆ ಕೆಲಸ ಗೆದ್ದವರಿಗೆ ಬಿಳಿ ದಾರ. ಆ ವರ್ಷ ಗಾಳೆಪ್ಪನನ್ನೂ ಕರೆದರು; ಕಾವಲಿನವನಲ್ಲದವನನ್ನು ಬಿಲ್ಲೆಗೆ ಕರೆದದ್ದು ಅದೇ ಮೊದಲಂತೆ. ಗಾಳೆಪ್ಪ ಕೊರಳು ಬಗ್ಗಿಸಿದ. ಆ ಹೊತ್ತಿಗೇ ಕೈ ಕಡಿಯಲೆಂದು ಸಣ್ಣೀರನನ್ನು ಬರಿಗಾಲಲ್ಲಿ ಹುಡಿಮಣ್ಣಿನ ಮೇಲೆ ನಡೆಸಿ ತಂದರು. ವರ್ಷಗಟ್ಟಲೆ ಗಡಿಗೆ ಮಣ್ಣು ತುಳಿದ ಕಾಲು, ಹಿಮ್ಮಡಿ ಊರಿ ಊರಿ ನಡೆಯುತ್ತಿತ್ತು. ಕಳ್ಳನೋ, ಮುಂಗಾಲು ಒತ್ತಿ ನಡೆದವನು. ಗಾಳೆಪ್ಪ ಬಗ್ಗಿಸಿದ ಕೊರಳು ಎತ್ತಿದ.

“ಧಣೀ, ಮೆಟ್ಟು ಇವನದು, ನಡಿಗೆ ಇವನದಲ್ಲ. ನಾನು ತೊಗಲು ಓದಿದೆ, ಕಾಲು ಓದಲಿಲ್ಲ. ತಪ್ಪು ನನ್ನದು.”

“ಈಗ ಬಾಯಿ ಬಂತಾ ಅಣ್ಣಾ?” ಅಂದಳಂತೆ ಸಣ್ಣೀರನ ಹೆಂಡತಿ ತಿಪ್ಪಕ್ಕ. “ಕೈ ಹೋದಮೇಲೆ ಬಂದಿದ್ರೆ, ಗಡಿಗೇನ ನಿನ್ನ ನಾಲಿಗೇಲಿ ತಟ್ಟಿಸಬೇಕಾಗಿತ್ತು!”

ನಾಯಕರು ಮೂರು ದಿನ ಕೊಟ್ಟರು. ಅಷ್ಟರಲ್ಲಿ ಕಳ್ಳ ಸಿಗದಿದ್ದರೆ ಸಣ್ಣೀರನ ಕೈಯ ಜೊತೆ ಗಾಳೆಪ್ಪನ ಕೈಯೂ ಹೋಗಬೇಕು. ಮೂರು ದಿನವೂ ಅವನು ಕೂತು ಉಣ್ಣಲಿಲ್ಲವಂತೆ. ಮುಂಗಾಲು ಒತ್ತಿದ ಹೆಜ್ಜೆಯನ್ನೇ ಹಿಡಿದು ಹೋಗಿ, ಮೂರನೆಯ ಸಂಜೆ ಕುದುರೆಗಳ ಸಮೇತ ಕಳ್ಳನನ್ನು ನಡೆಸಿಕೊಂಡು ಬಂದ. ನೋಡಿದರೆ, ಲಾಯ ಕಾಯುವವನೇ! ಒಂದು ಹನಿ ನೆತ್ತರು ಬಿದ್ದಿರಲಿಲ್ಲ.

ನಾಯಕರು ಬಿಳಿ ದಾರ ಕಟ್ಟುತ್ತ, “ಕಳ್ಳನ್ನ ಹಿಡಿಯೋರು ನನ್ನತ್ರ ಬೇಕಾದಷ್ಟಿದ್ದಾರೆ. ತಪ್ಪಾಯ್ತು ಅನ್ನೋನು ಇವನೊಬ್ಬ,” ಅಂದರಂತೆ.

ಇಂದಿಗೂ ಆ ಸೀಮೆಯಲ್ಲಿ ಕಳವಿನ ದೂರು ಹೇಳುವವನು ಮೊದಲು ಮೆಟ್ಟು ಬಿಟ್ಟು, ದೂರು ಹೊತ್ತವನ ಪಕ್ಕದಲ್ಲಿ ಹತ್ತು ಹೆಜ್ಜೆ ನಡೆಯಬೇಕು. ಎಷ್ಟೋ ದೂರುಗಳು ಆ ಹತ್ತು ಹೆಜ್ಜೆಯಲ್ಲೇ ಸವೆದುಹೋಗುತ್ತವೆ.

ಬಿಲ್ಲೆ ಕಟ್ಟಿದ ದಿನವೇ, ಕಾವಲಿನ ಮುಖಂಡನಾಗಿ ಇಲ್ಲೇ ಇರು ಅಂದರಂತೆ ನಾಯಕರು. ಇರಣ್ಣಾ ಅಂದಳಂತೆ ತಿಪ್ಪಕ್ಕನೂ, ಸಣ್ಣೀರ ತಟ್ಟಿದ ಹೊಸ ಕುಡಿಕೆಯೊಂದನ್ನು ಕೈಗಿಟ್ಟು. ಗಾಳೆಪ್ಪ ಕುಡಿಕೆಗೆ ಹುರಿಹಿಟ್ಟು ತುಂಬಿದ, ಬಾಯಿಗೆ ಬಟ್ಟೆ ಕಟ್ಟಿದ, ಕಂಬಳಿ ಸುತ್ತಿ ಹೆಗಲಿಗೇರಿಸಿ, ಮತ್ತೆ ಊರು ಬಿಟ್ಟ.