ಕೊತ್ವಾಲನ ವಿಚಾರಣೆ

ಹಿಂದೆ ಕಂಚಿನಕೋಟೆ ಎಂಬ ರಾಜ್ಯವಿತ್ತು, ಮಕ್ಕಳೇ. ಅಲ್ಲಿಯ ರಾಜ ಒಳ್ಳೆಯವನು, ಆದರೆ ಅರಮನೆ ಬಿಟ್ಟು ಹೊರಗೆ ಬಂದವನಲ್ಲ. ಅವನು ಊರ ಕಾವಲಿಗೆ ಭುಜಂಗಪ್ಪ ಎಂಬುವನನ್ನು ಕೊತ್ವಾಲನಾಗಿ ನೇಮಿಸಿ, ದೂರು ಹೊತ್ತು ಬಂದವರನ್ನು ಚೆನ್ನಾಗಿ ವಿಚಾರಿಸಿಕೋ ಎಂದು ಅಪ್ಪಣೆ ಕೊಟ್ಟ. ಭುಜಂಗಪ್ಪ ಅಪ್ಪಣೆ ಮೀರುವವನಲ್ಲ.

ಎತ್ತು ಕಳೆದುಕೊಂಡ ಗಾಣಿಗ ಚಾವಡಿಗೆ ಹೋದ. ಕೊತ್ವಾಲ ಅವನನ್ನು ಬೆತ್ತದಿಂದ ವಿಚಾರಿಸಿಕೊಂಡ. ಸೀರೆ ಕಳೆದುಕೊಂಡ ನೇಕಾರ ಹೋದ. ಅವನನ್ನೂ ವಿಚಾರಿಸಿಕೊಂಡ. ಕತ್ತೆ ಕಳೆದುಕೊಂಡ ಕುಂಬಾರ ಕೆಂಚಯ್ಯ ಹೋದ. ಅವನನ್ನು ವಿಚಾರಿಸಿಕೊಂಡದ್ದಲ್ಲದೆ, ಇನ್ನೂ ವಿಚಾರಿಸಿಕೊಳ್ಳುವುದು ಬಾಕಿಯಿದೆ ಎಂದು ಒಳಗೇ ಕೂಡಿಹಾಕಿದ.

ಆಮೇಲೆ ರಾಜ್ಯದಲ್ಲಿ ದೂರೇ ಇಲ್ಲ. ಕಳ್ಳರು ಮಾತ್ರ ಇದ್ದರು. ರಾಜ ಹಿಗ್ಗಿ ಕೊತ್ವಾಲನಿಗೆ ಮೊದಲು ಕಡಗ ಕೊಟ್ಟ, ಆಮೇಲೆ ಕುದುರೆ ಕೊಟ್ಟ, ಕೊನೆಗೆ ಪಲ್ಲಕ್ಕಿ ಕೊಡಲು ಸಭೆ ಕರೆದ.

ಕೆಂಚಯ್ಯನ ಹೆಂಡತಿ ಸಾಕವ್ವನಿಗೆ ಗಂಡನನ್ನು ಬಿಡಿಸಿಕೊಳ್ಳಬೇಕಿತ್ತು. ದೂರು ಹೇಳಿದರೆ ಅವಳೂ ಒಳಗೇ. ಅದಕ್ಕೆ ಸಭೆಗೆ ಹೋಗಿ ಕೊತ್ವಾಲನನ್ನು ಹೊಗಳಿದಳು. ಕೊತ್ವಾಲ ಮೀಸೆ ತಿರುವಿದ.

"ನನ್ನ ಗಂಡನ್ನ ಇವರು ವಿಚಾರಿಸಿಕೊಂಡಂಗೆ ಹೆತ್ತವ್ವನೂ ವಿಚಾರಿಸಿಕೊಂಡಿಲ್ಲ ಬುದ್ಧಿ. ಇವರಿಗೂ ಅದೇ ಮರ್ಯಾದೆ ಆಗಬೇಕು. ಇದೇ ಸಭೇಲಿ, ಇವರ ಆಳುಗಳ ಕೈಯಿಂದಲೇ."

ರಾಜನಿಗೆ ಸರಿಯೆನಿಸಿತು. ಎಳ್ಳಷ್ಟೂ ಕಡಿಮೆಯಾಗಬಾರದು ಎಂದ. ಆಳುಗಳು ಮುಖ ಮುಖ ನೋಡಿಕೊಂಡು ಬೆತ್ತ ತಂದರು. ಕೊತ್ವಾಲ ಬೇಡ ಎಂದ. ರಾಜ ಸಂಕೋಚಪಡಬೇಡ ಎಂದ. ಬೆತ್ತ ಮೇಲಕ್ಕೆದ್ದಿತು.

"ಪ್ರಭು, ಹೊಡೀತಾರೆ."

"ಮರ್ಯಾದೆ ಮಾಡಿ ಅಂದರೆ ಯಾಕಯ್ಯಾ ಹೊಡೀತಾರೆ?"

"ನಾನು ಹಾಗೇ ಹೊಡೆಸಿದ್ದು."

ಕೆಂಚಯ್ಯನನ್ನು ಕರೆತಂದರು. ಅವನ ಬೆನ್ನು ನೋಡಿ ರಾಜ ಕೆಂಡವಾದ. ಈ ಕೊತ್ವಾಲನನ್ನು ಸರಿಯಾಗಿ ವಿಚಾರಿಸಿಕೊಳ್ಳಿ ಎಂದು ಎದ್ದು ನಿಂತ.

ಸಾಕವ್ವ ಅಡ್ಡ ಬಂದಳು. "ಬರೀ ವಿಚಾರಿಸಿ ಬುದ್ಧಿ. ಕೊಳ್ಳೋದು ಬೇಡ. ಆದರೆ ಎಲ್ಲರ ಎದುರಿಗೆ ವಿಚಾರಿಸಿ."

ಭುಜಂಗಪ್ಪನನ್ನು ಊರ ಕಟ್ಟೆಯ ಮೇಲೆ ನಿಲ್ಲಿಸಿದರು. ದೂರು ತಂದವರನ್ನು ಯಾಕೆ ಹೊಡೆದೆ ಎಂದು ಗಾಣಿಗ ಕೇಳಿದ, ನೇಕಾರ ಕೇಳಿದ, ಕುಂಬಾರ ಕೇಳಿದ. ಯಾರೂ ಕೈಯೆತ್ತಲಿಲ್ಲ. ಅವನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕೊತ್ವಾಲಗಿರಿ ಮುಗಿದಿತ್ತು.

ಮರುದಿನ ಚಾವಡಿಯ ಮುಂದೆ ದೂರು ತಂದವರ ಉದ್ದ ಸಾಲು. ರಾಜ್ಯ ಕೆಟ್ಟಿತೆಂದು ರಾಜ ಗಾಬರಿಯಾದ. ಇಲ್ಲ ಬುದ್ಧಿ, ಈಗ ಸುಧಾರಿಸ್ತಾ ಇದೆ ಎಂದಳು ಸಾಕವ್ವ.

ದೂರೇ ಇಲ್ಲದ ಊರು ಕಂಡರೆ, ಕೊತ್ವಾಲನಿಗೆ ಬಹುಮಾನ ಕೊಡುವ ಮೊದಲು ಜನರ ಬೆನ್ನು ನೋಡಬೇಕು.