ಬಾಗಲೊಲ್ಲದ ಕನ್ನಡಿ

"ಬುದ್ಧಿ, ಸೊಟ್ಟಗಿರುವವನ ಮುಂದೆ ನೆಟ್ಟಗಿರುವವನು ಬಾಗಿದರೆ, ಅವನೂ ಸೊಟ್ಟ ಆದಂತಲ್ಲವೇ?"

ಕೇಳಿದವನು ಮಠದ ಶಿಷ್ಯ ಮರಿದೇವ. ಕುಡಿತಕ್ಕೆ ಬಿದ್ದು ಹಾಳಾದ ಅವನ ತಮ್ಮ ಬೆಳಗಿನಿಂದ ಮಠದ ಜಗುಲಿಯ ಮೇಲೆ ಕೂತಿದ್ದ. ನೆಟ್ಟಗಾದ ಮೇಲೆ ಬಾ ಎಂದು ಮರಿದೇವ ಒಳಗಿನಿಂದಲೇ ಹೇಳಿ ಕಳಿಸಿದ್ದ. ತಮ್ಮ ಎದ್ದು ಹೋಗಿರಲಿಲ್ಲ. ಗುರುಗಳಿಗೆ ಇದೆಲ್ಲ ತಿಳಿದಿತ್ತು. ಅವರು ಜಗುಲಿಯ ಮಾತೆತ್ತದೆ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಕನ್ನಡಿ ಮಾಡುವವನಿದ್ದ. ಮುಖ ನೋಡಿಕೊಳ್ಳುವ ಕನ್ನಡಿಯಲ್ಲ, ಯಂತ್ರಗಳೊಳಗೆ ಕೂರಿಸುವ ಕನ್ನಡಿ. ಗಾಜಿನ ಮೈ ಕಣ್ಣಿಗೆ ಕಾಣದಷ್ಟು ಏರುಪೇರಾದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಸಮ ಎಂಬುದೇ ಅವನ ದೇವರು. ಆ ಭಕ್ತಿಯಲ್ಲಿ ಜಂಬವೂ ಒಂದು ಹಿಡಿ ಬೆರೆತಿತ್ತೆನ್ನು.

ಅವನಿಗೆ ಒಬ್ಬಳೇ ಮಗಳು. ಒಂದು ಬೆಳಿಗ್ಗೆ ಅವಳು ಬಾಗಿಲ ಮುಂದೆ ಇಟ್ಟ ರಂಗೋಲಿ ಚುಕ್ಕಿಗಳು ಅಂಕುಡೊಂಕಾಗಿದ್ದವು. ಸರಿಯಾಗಿ ಇಡಬಾರದೇನಮ್ಮ ಎಂದ. ಸರಿಯಾಗೇ ಇಟ್ಟಿದ್ದೇನಲ್ಲ ಅಪ್ಪ ಎಂದಳು. ಅವಳನ್ನು ಆಗಲೇ ಆಸ್ಪತ್ರೆಗೆ ಕರೆದೊಯ್ದ.

ಕಣ್ಣಿನ ಡಾಕ್ಟರಮ್ಮ ನೋಡಿದರು. ಕಣ್ಣಿನ ಹಿಂಬದಿಯ ಪರದೆ ಹರಿದಿರಬಹುದು ಎಂದರು. ಹರಿದಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸೆ ಆಗಬೇಕು. ಹರಿಯದೆ ಇದ್ದು ಕೈ ಹಾಕಿದರೆ ಇರುವ ದೃಷ್ಟಿಯೂ ಹೋದೀತು. ಒಳಗೆ ಇಣುಕಿ ನೋಡೋಣವೆಂದರೆ, ಒಳಗಿನಿಂದ ಬರುವ ಬೆಳಕು ಹುಡುಗಿಯ ಕಣ್ಣಿನ ಮುಂಭಾಗವನ್ನು ದಾಟುವಾಗಲೇ ಸೊಟ್ಟಗಾಗುತ್ತಿತ್ತು. ಚಿತ್ರವೆಲ್ಲ ಕಲಸಿಹೋಗುತ್ತಿತ್ತು.

ಅದಕ್ಕೆಂದೇ ಆಸ್ಪತ್ರೆಯಲ್ಲಿ ಒಂದು ಯಂತ್ರ ಜೋಡಿಸುತ್ತಿದ್ದರು. ಸಾಸಿವೆಯಷ್ಟು ಸಣ್ಣ ಮಸೂರಗಳ ಸಾಲು ಕಣ್ಣಿನಿಂದ ಬಂದ ಬೆಳಕನ್ನು ಚುಕ್ಕಿಗಳಾಗಿ ಒಡೆಯುತ್ತದೆ. ಯಾವ ಚುಕ್ಕಿ ಎಷ್ಟು ಸರಿದಿದೆ ಎಂಬುದರಿಂದ ಬೆಳಕು ಎಲ್ಲಿ ಸೊಟ್ಟಗಾಗಿದೆ ಎಂದು ತಿಳಿಯುತ್ತದೆ. ಆಗ ಒಂದು ತೆಳು ಕನ್ನಡಿಯನ್ನು ಹಿಂದಿನಿಂದ ಕಡ್ಡಿಗಳು ತಳ್ಳಿ, ಎಳೆದು, ಆ ಸೊಟ್ಟಕ್ಕೆ ಸರಿಯಾಗಿ ಬಾಗಿಸುತ್ತವೆ. ಬಾಗಿದ ಕನ್ನಡಿಯ ಮೇಲೆ ಬಿದ್ದು ಬೆಳಕು ನೆಟ್ಟಗಾಗುತ್ತದೆ. ಕನ್ನಡಿಯನ್ನು ನೀವೇ ಮಾಡಿಕೊಡಿ, ಎಲೆಯಷ್ಟು ತೆಳ್ಳಗಿರಲಿ ಎಂದರು ಡಾಕ್ಟರಮ್ಮ.

ಅವನು ತಲೆಯಾಡಿಸಿ ಬಂದ. ತಲೆ ಆಡಿತು, ಮನಸ್ಸು ಒಪ್ಪಲಿಲ್ಲ. ತನ್ನ ಮಗಳ ಕಣ್ಣು ನೋಡುವ ಕನ್ನಡಿಯನ್ನು ಕಡ್ಡಿಯಿಂದ ತಿವಿದು ಬಾಗಿಸುವುದೇ? ಅದೂ ಅಲ್ಲದೆ, ತೆಳು ಗಾಜು ತಿಕ್ಕುವ ಕೈಯ ಕೆಳಗೆ ಮಿಸುಕುತ್ತದೆ, ಅವನು ಬಯಸುವಷ್ಟು ಸಮವಾಗುವುದಿಲ್ಲ. ಹಾಗಾಗಿ ಗಾಜನ್ನು ತುಸು ದಪ್ಪವಾಗಿಯೇ ಬಿಟ್ಟ. ಯಾರಿಗೂ ಹೇಳಲಿಲ್ಲ. ಅಷ್ಟು ಸಮವಾದ ಕನ್ನಡಿಯನ್ನು ಅವನು ಅದುವರೆಗೆ ಮಾಡಿರಲೇ ಇಲ್ಲ. ಮಗಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದ, ಪಾಪ.

ಪರೀಕ್ಷೆಯ ದಿನ ಹುಡುಗಿ ಯಂತ್ರದ ಮುಂದೆ ಗದ್ದವೂರಿ ಕೂತಳು. ಯಂತ್ರದ ಪರದೆಯ ಮೇಲೆ ಚುಕ್ಕಿಗಳು ಮೂಡಿದವು. ಅಂಗಳದ ರಂಗೋಲಿ ಚುಕ್ಕಿಗಳಂತೆಯೇ ಅಂಕುಡೊಂಕು. ಡಾಕ್ಟರಮ್ಮ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡಿದರು. ಒಂದು ಚುಕ್ಕಿಯೂ ಸಾಲಿಗೆ ಬರಲಿಲ್ಲ.

"ಒಳಗೇನೂ ಕಾಣ್ತಿಲ್ಲ. ಇನ್ನು ಅಂದಾಜಿನ ಮೇಲೇ ಕೈ ಹಾಕ್ಬೇಕು," ಎಂದರು.

"ಅಂದಾಜಿನ ಮೇಲಾ? ನನ್ನ ಮಗು ಕಣ್ಣು ಡಾಕ್ಟರಮ್ಮ!"

"ನಾನೇನು ಮಾಡ್ಲಿ? ಕಡ್ಡಿಗಳು ತಳ್ತಾನೇ ಇವೆ. ನಿಮ್ಮ ಕನ್ನಡಿ ಜಪ್ಪಯ್ಯ ಅಂದ್ರೂ ಬಾಗ್ತಿಲ್ಲ."

ಮಗಳು ಗದ್ದ ಎತ್ತದೆ, "ಅಪ್ಪಾ, ಕಾಣ್ತಂತಾ ಅವರಿಗೆ?" ಎಂದು ಕೇಳಿದಳು. ಅವನು ಡಾಕ್ಟರಮ್ಮನನ್ನು ಪಕ್ಕಕ್ಕೆ ಕರೆದು ಇದ್ದದ್ದು ಇದ್ದಂತೆ ಹೇಳಿದ. ಅವರು ಬೈಯಲಿಲ್ಲ. ನಾಳೆಯ ತನಕ ಕಾಯುತ್ತೇನೆ, ಅದರಾಚೆಗೆ ಆ ಕಣ್ಣು ಕಾಯುವುದಿಲ್ಲ ಎಂದರು.

ಕನ್ನಡಿಯನ್ನು ಮನೆಗೆ ತಂದು ಬೆನ್ನಿನ ಕಡೆಯಿಂದ ತಿಕ್ಕತೊಡಗಿದ. ಕಡಿಮೆ ತಿಕ್ಕಿದರೆ ಬಾಗುವುದಿಲ್ಲ, ಹೆಚ್ಚು ತಿಕ್ಕಿದರೆ ಒಡೆಯುತ್ತದೆ. ಒಡೆದರೆ ಬೇರೆ ಗಾಜು ತರಿಸಲು ಹೊತ್ತಿಲ್ಲ. ಗಾಜು ತೆಳ್ಳಗಾದಂತೆ ಅದರ ಮುಂದಿನ ಮೈ ಹದ ತಪ್ಪುವುದು ಅವನ ಬೆರಳಿಗೆ ಗೊತ್ತಾಗುತ್ತಿತ್ತು. ಇಡೀ ಬದುಕು ಕಾಪಾಡಿಕೊಂಡು ಬಂದದ್ದನ್ನು ತನ್ನ ಕೈಯಿಂದಲೇ ಕೆಡಿಸುತ್ತಿದ್ದ. ನಡುನಡುವೆ ತಿಕ್ಕುವುದನ್ನು ನಿಲ್ಲಿಸುತ್ತಿದ್ದ. ಮಗಳ ಕಣ್ಣು ನೆನಪಾದೊಡನೆ ಮತ್ತೆ ತಿಕ್ಕುತ್ತಿದ್ದ. ಕನ್ನಡಿ ಒಡೆಯಲಿಲ್ಲ.

ಮರುದಿನ ಅದನ್ನು ಕೂರಿಸಿದರು. ಕಡ್ಡಿಗಳು ತಳ್ಳಿದವು. ಕನ್ನಡಿ ಬಾಗಿತು. ಬರಿಗಣ್ಣಿಗೆ ಕಾಣುವ ಬಾಗಲ್ಲ ಅದು, ಆದರೂ ಅವನು ಕಣ್ಣು ಮುಚ್ಚಿಕೊಂಡ. ತೆರೆದಾಗ ಯಂತ್ರದ ಪರದೆಯ ಮೇಲೆ ಚುಕ್ಕಿಗಳು ಸಾಲು ಹಿಡಿದು ನಿಂತಿದ್ದವು. ಕಣ್ಣಿನ ಒಳಗು ನಿಚ್ಚಳವಾಗಿ ಕಂಡಿತು. ಹರಿದದ್ದು ನಿಜ, ಸಣ್ಣದಾಗಿ ಹರಿದಿತ್ತು. ಅದೇ ದಿನ ಡಾಕ್ಟರಮ್ಮ ಅದನ್ನು ಸರಿಮಾಡಿದರು. ಕಟ್ಟು ಬಿಚ್ಚಿ ಕೆಲವು ದಿನ ಕಳೆದ ಮೇಲೆ ಹುಡುಗಿ ಬಾಗಿಲ ಮುಂದೆ ಮತ್ತೆ ಚುಕ್ಕಿ ಇಟ್ಟಳು. ಅಪ್ಪ ಹೊಸ್ತಿಲ ಮೇಲೆ ಕೂತು ಒಂದೊಂದು ನೆಟ್ಟನೆಯ ಸಾಲನ್ನೂ ನೋಡುತ್ತ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನ ಮುಖದಲ್ಲಿ ಕಳವಳ ಇನ್ನೂ ಇತ್ತು. ಜಗುಲಿಯ ಕಡೆಯಿಂದ ಕೆಮ್ಮು ಕೇಳಿಸಿತು.

"ಆ ಕನ್ನಡಿ, ಬುದ್ಧಿ? ಅದು ಮತ್ತೆ ಸಮವಾಯಿತೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಅದನ್ನು ಕೇಳಬೇಕೆಂದು ಆ ತಂದೆಗೆ ನೆನಪೇ ಆಗಲಿಲ್ಲ, ಮರಿದೇವ."