ತಾಮ್ರವನ್ನು ಹಿಡಿಯುವ ಕೈ

"ರಾಜಕುಮಾರಿಯವರ ಮೈಗೆ ತಾಮ್ರದ ವಿಷ ಏರಿದೆ. ಅವರ ಮೂರು ಪ್ರಶ್ನೆ ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವನ ತಲೆ ಹೋಗುತ್ತದೆ" ಎಂದು ವೀರರಸ ರಾಜ ಡಂಗುರ ಸಾರಿಸಿದ. ಅರೆಬರೆ ಕಲಿತವರ ಮದ್ದಿನಿಂದ ಮಗಳು ಹಾಸಿಗೆ ಹಿಡಿದ ಮೇಲೆ ಅವನಲ್ಲಿ ದಯೆ ಉಳಿದಿರಲಿಲ್ಲ.

ತಾಮ್ರದ ಪಾತ್ರೆ ಮಾಡುವ ಬೋಗಾರರ ಪಾಯಪ್ಪ ಅದನ್ನು ಕೇಳಿ ಕುಲುಮೆಯ ತಿದಿ ಒತ್ತುವುದನ್ನು ನಿಲ್ಲಿಸಿದ. ಅರಮನೆಯ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು ಅವನ ಅಪ್ಪ ದೇವಣ್ಣ. ಕಲಾಯಿ ಸವೆದ ಪಾತ್ರೆಯಲ್ಲಿ ಅಡುಗೆಯವರು ಹುಳಿ ಕುದಿಸಿದ್ದರು. ತಪ್ಪು ದೇವಣ್ಣನ ತಲೆಗೆ ಬಂತು. ಮರುದಿನ ಅವನಿಗೆ ಗಲ್ಲು.

"ಹೋಗಬೇಡ ಮಗಾ, ಇಬ್ಬರನ್ನೂ ಕಳಕೊಂಡು ನಾನು ಬದುಕಲಾರೆ" ಎಂದಳು ತಾಯಿ.

"ಹೋಗದಿದ್ದರೆ ನಾಳೆ ಅಪ್ಪ ಇರೋದಿಲ್ಲವಲ್ಲವ್ವಾ."

ಅವನು ಅರಮನೆಗೆ ಹೋದಾಗ, ಮದ್ದು ಕಟ್ಟುವ ರಸಶಾಲೆಯಲ್ಲಿ ಕಲಿತಿದ್ದ ರಾಜಕುಮಾರಿ ಲಕುಮಾದೇವಿ ದಿಂಬಿಗೊರಗಿ ಕೇಳುತ್ತಿದ್ದಳು: "ಅವನು ಕಣ್ಣಿಗೆ ಕಾಣ, ಮೂಗಿಗೆ ಹೊಡೆಯುತ್ತಾನೆ. ತಾಮ್ರದ ನೀರನ್ನು ಕಡುನೀಲಿ ಮಾಡುತ್ತಾನೆ. ಯಾರು?"

ಒಬ್ಬ ಪಂಡಿತ ಪಾದರಸ ಎಂದ. ಒಬ್ಬ ರಾಜಕುಮಾರ ಗಂಧಕ ಎಂದ. ಇಬ್ಬರನ್ನೂ ಎಳೆದೊಯ್ದರು. ಪಾಯಪ್ಪ ಮುಂದೆ ಬಂದ.

"ಕಲಾಯಿಗೆ ಬಳಸೋ ನವಸಾಗರದ ಘಾಟು, ತಾಯಿ. ಸುಣ್ಣ ಸೇರಿಸಿದರೆ ಕಣ್ಣಿಗೆ ಕಾಣದೆ ಏಳುತ್ತೆ. ತಾಮ್ರದ ಕಿಲುಬು ತೊಳೆದ ನೀರಿಗೆ ಅದು ತಾಗಿದರೆ ಕಡುನೀಲಿ."

"ಹೌದು. ಆ ಘಾಟಿನಲ್ಲಿರುವುದು ಸಾರಜನಕ" ಎಂದಳು ಲಕುಮಾದೇವಿ. "ಅದರ ಬಳಿ ಒಂದು ಜೋಡಿ ಎಲೆಕ್ಟ್ರಾನ್ ಬಿಡುವಾಗಿರುತ್ತದೆ. ಆ ಜೋಡಿಯನ್ನು ಚಾಚಿಯೇ ತಾಮ್ರವನ್ನು ಹಿಡಿಯುತ್ತದೆ. ತಾಮ್ರ ತೆಗೆಯಲು ನಾನು ಕಟ್ಟಿದ ಎರಡು ಮದ್ದಿನಲ್ಲೂ ಅದೇ ಸಾರಜನಕ. ಒಂದು ಬಿಗಿಯಾಗಿ ಹಿಡಿಯುತ್ತದೆ, ಇನ್ನೊಂದು ಬಿಟ್ಟುಬಿಡುತ್ತದೆ. ಏಕೆ?"

ಕಾವಲಿನವರು ಹತ್ತಿರ ಬಂದರು. ಆಗ ಪಾಯಪ್ಪನಿಗೆ ಮನೆ ನೆನಪಾಯಿತು. ಅಪ್ಪ ಸೆರೆಯಾದ ಮೇಲೆ ಎಡಮನೆಯವರು ಜೋಳ ತಂದುಕೊಟ್ಟಿದ್ದರು. ಬಲಮನೆಯವರು ಇದ್ದ ಇದ್ದಿಲನ್ನೂ ಹೊತ್ತೊಯ್ದಿದ್ದರು.

"ನೆರೆಯವರಿಂದ, ತಾಯಿ. ಪಕ್ಕದವರು ಕೊಟ್ಟರೆ ಕೈ ತುಂಬಿರುತ್ತೆ, ಚಾಚೋಕೆ ಬರುತ್ತೆ. ಪಕ್ಕದವರೇ ಕಿತ್ತುಕೊಂಡರೆ ಏನು ಚಾಚೋದು?"

"ಸರಿ. ಬಿಗಿಯಾಗಿ ಹಿಡಿಯುವ ಮದ್ದಿನ ಸಾರಜನಕಕ್ಕೆ ಪಕ್ಕದ ಪರಮಾಣುಗಳು ಎಲೆಕ್ಟ್ರಾನ್ ತಳ್ಳುತ್ತಿವೆ, ಇನ್ನೊಂದರಲ್ಲಿ ಕಿತ್ತುಕೊಳ್ಳುತ್ತಿವೆ." ಅವಳ ದನಿ ಕುಸಿಯಿತು. "ಆದರೂ ನನ್ನ ಮೈ ಅದರ ಹಿಡಿತದಿಂದ ತಾಮ್ರವನ್ನು ಕಿತ್ತುಕೊಳ್ಳುತ್ತದೆ. ಸೋಲದ ಹಾಗೆ ಅದನ್ನು ಹೇಗೆ ಕಟ್ಟಲಿ? ಇದರ ಉತ್ತರ ನನಗೂ ಗೊತ್ತಿಲ್ಲ."

ಪಾಯಪ್ಪ ತನ್ನ ಸೊಂಟ ಮುಟ್ಟಿ ತೋರಿಸಿದ. "ದೊಡ್ಡ ಹಂಡೆ ಎತ್ತುವಾಗ ಕುಲುಮೆಯ ನಾವು ನಾಲ್ವರೂ ಸೊಂಟಕ್ಕೆ ಒಂದೇ ಹಗ್ಗ ಬಿಗಿದುಕೊಳ್ತೀವಿ. ಒಬ್ಬನ ಕೈ ಜಾರಿದರೆ ಮಿಕ್ಕವರು ಹಿಡಿದಿರ್ತಾರೆ. ಜಾರಿದವನೂ ದೂರ ಹೋಗೋಕಾಗದೆ ಮತ್ತೆ ಹಿಡೀತಾನೆ. ನಾಲ್ಕು ಸಾರಜನಕವನ್ನ ಒಂದೇ ಸರಪಳಿಗೆ ಹೆಣೆದು ನೋಡಿ."

"ಮದ್ದು ಕಟ್ಟಲು ಐದು ದಿನ ಬೇಕು" ಎಂದಳು ಅವಳು. "ದೇವಣ್ಣ ನನ್ನಪ್ಪ ದೊರೆ, ನಾಳೆಯ ಗಲ್ಲು ನಿಲ್ಲಿಸಿ" ಎಂದು ಪಾಯಪ್ಪ ಕೈಮುಗಿದ.

"ಮದ್ದು ಗೆದ್ದರೆ ನೋಡೋಣ. ಅಲ್ಲಿಯವರೆಗೆ ಅಪ್ಪ, ಮಗ ಇಬ್ಬರೂ ಸೆರೆಯಲ್ಲಿರಲಿ" ಎಂದ ಮಗಳ ಪಕ್ಕ ಕೂತಿದ್ದ ರಾಜ.

ಕತ್ತಲ ಕೋಣೆಯಲ್ಲಿ ದೇವಣ್ಣ ಮಗನ ಮುಖ ಸವರಿ, "ನೀನ್ಯಾಕೆ ಬಂದೆಯೋ" ಎಂದು ಅತ್ತ. ದಿನಗಳು ಕಳೆದಂತೆ ಮುದುಕ ಗಂಜಿಯನ್ನೂ ಬಿಟ್ಟ.

ಎಂಟನೆಯ ದಿನ ರಾಜನೇ ಸೆರೆಯ ಬಾಗಿಲು ತೆರೆದ. ಮದ್ದು ಮಗಳ ಮೈಯ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುತ್ತಿತ್ತು. ಅವಳು ಎದ್ದು ಕೂತಿದ್ದಳು. "ನಿಮ್ಮಿಬ್ಬರಿಗೂ ಬಿಡುಗಡೆ. ರಸಶಾಲೆ ನಿನ್ನದು. ಇನ್ನೇನು ಬೇಕು ಕೇಳು" ಎಂದ.

"ಅಪ್ಪನಿಗೆ ನಿಲ್ಲೋಕೂ ಆಗ್ತಿಲ್ಲ ದೊರೆ. ಮನೆಯವರೆಗೆ ಒಂದು ಪಲ್ಲಕ್ಕಿ ಕೊಡಿಸಿ."

ಪಲ್ಲಕ್ಕಿ ಬಂತು. ಮುಂದಿನ ಬೊಂಬಿಗೆ ಪಾಯಪ್ಪನೇ ಹೆಗಲು ಕೊಟ್ಟ.